ಸಿನಿಮಾ ಕಲಿತವರು ತರಗತಿಗೆ ಮರಳಲಿ

ಹರಪನಹಳ್ಳಿ, ಕೊಟ್ಟೂರು, ಹಡಗಲಿ ಸೀಮೆಯಲ್ಲಿ ದೊಡ್ಡಾಟ ಆಡಬೇಕೆಂದರೆ ಮೊದಲು ಮಾಸ್ತರರನ್ನು ಗೊತ್ತು ಮಾಡುತ್ತಾರೆ. ಆಮೇಲೆ ರಾತ್ರಿ ತಾಲೀಮು. ಇಡೀ ಮೇಳವನ್ನು ಮಾಸ್ತರರೊಬ್ಬರೇ ತಿದ್ದುವುದು ಆಗದ ಮಾತು. ಹಿಂದೆ ಪಾತ್ರ ಕಟ್ಟಿದವರು ಬಂದು ಹೊಸಬರ ಪಕ್ಕ ನಿಂತು ಹೆಜ್ಜೆ ಹಾಕಿಸುತ್ತಾರೆ, ಮಾತು ಒಪ್ಪಿಸಿಕೊಳ್ಳುತ್ತಾರೆ. ಅವರಿಗೆ ಊರಿನಲ್ಲಿ ಮರ್ಯಾದೆಯೇ ಸಿಗುತ್ತದೆ.

ಸಿನಿಮಾ ಕಲಿಕೆಗೆ ಬೇಕಾಗಿರುವುದೂ ಇಂಥವರೇ. ಆದರೆ ಕೋರ್ಸ್ ಮುಗಿಸಿ ನಾಲ್ಕಾರು ಚಿತ್ರಗಳಲ್ಲಿ ದುಡಿದ ಯುವಕನೋ ಯುವತಿಯೋ ಬೋಧನಾ ಸಹಾಯಕರಾಗಿ ತರಗತಿಗೆ ಮರಳಿದರೆ, ಅವಕಾಶ ಸಿಗದೆ ಬಂದರೆಂದು ಜನ ಆಡಿಕೊಳ್ಳುತ್ತಾರೆ. ಈ ಭಾವನೆ ಬದಲಾಗಬೇಕು.

ಕನ್ನಡ ನಾಡಿಗೆ ಸಿನಿಮಾ ತರಗತಿ ಹೊಸದಲ್ಲ. ‘ಕಾಗಜ್ ಕೆ ಫೂಲ್’ ಚಿತ್ರದ ಬೆಳಕಿನಿಂದ ಹೆಸರಾದ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಡಿಪ್ಲೊಮಾ ಪಡೆದದ್ದು 1946ರಲ್ಲಿ. ಗೋವಿಂದ ನಿಹಲಾನಿ ಕೂಡ ಅಲ್ಲಿಯೇ ಕಲಿತು, ಮುಂದೆ ಮೂರ್ತಿಯವರಿಗೇ ಸಹಾಯಕರಾದರು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದಿದ ಗಿರೀಶ ಕಾಸರವಳ್ಳಿ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಪಡೆದವರು. ಅವರೂ ಬೆಂಗಳೂರಿನ ಆದರ್ಶ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಂಶುಪಾಲರಾಗಿ ಪಾಠ ಹೇಳಿದರು. ಅದರಿಂದ ಅವರ ನಿರ್ದೇಶನಕ್ಕೇನೂ ಕುಂದು ಬರಲಿಲ್ಲ.

ಬೋಧನಾ ಸಹಾಯಕರ ಕೆಲಸ ಎಂಥದೆಂದು ಒಂದು ಸಣ್ಣ ಅಭ್ಯಾಸದಲ್ಲೇ ನೋಡಬಹುದು. ಒಬ್ಬ ಬಾಗಿಲು ತೆರೆದು ಬಂದು, ಕುರ್ಚಿ ಎಳೆದು ಕೂತು, ಚಹಾ ಕುಡಿಯಬೇಕು. ನಾಲ್ಕೈದು ಶಾಟ್ ಸಾಕು. ತೆಗೆಯುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸಂಕಲನಕ್ಕೆ ಕೂತಾಗ ಮೊದಲ ಶಾಟ್‌ನಲ್ಲಿ ಬಲಗೈಯಲ್ಲಿದ್ದ ಲೋಟ ಕ್ಲೋಸಪ್‌ನಲ್ಲಿ ಎಡಗೈಗೆ ಬಂದಿರುತ್ತದೆ. ಒಂದು ಶಾಟ್‌ನಲ್ಲಿ ಫ್ಯಾನಿನ ಗುಂಯ್‌ಗುಡುವ ಸದ್ದು, ಮುಂದಿನದರಲ್ಲಿ ಇಲ್ಲ. ಕಂಟಿನ್ಯೂಟಿಯ ನಿಯಮವನ್ನು ಪ್ರಾಧ್ಯಾಪಕರು ಬೋರ್ಡಿನ ಮೇಲೆ ಬರೆದಿದ್ದರೂ ಅದು ತಲೆಗಿಳಿಯುವುದು ಈ ಗಳಿಗೆಯಲ್ಲೇ. ಆಗ ಪಕ್ಕದಲ್ಲಿ ಕೂತು, ‘ಲೋಟ ಯಾವ ಕೈಲಿತ್ತು, ನೋಡು’ ಎನ್ನುವವರು ಬೇಕು. ಯಾರೂ ಮಾತಾಡದೆ ಕೋಣೆಯ ಮೌನವನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡಿರಬೇಕಿತ್ತೆಂದು ತೋರಿಸಿಕೊಡುವವರು ಬೇಕು. ಮೂವತ್ತು ವಿದ್ಯಾರ್ಥಿಗಳಿಗೆ ಒಬ್ಬರೇ ಮೇಷ್ಟರಿದ್ದರೆ ಇದು ಸಾಧ್ಯವೇ?

ಕಲಿಸಲು ಬಂದವರಿಗೂ ಲಾಭವಿದೆ. ಸೆಟ್ಟಿನಲ್ಲಿ ರೂಢಿಯಿಂದ ಮಾಡಿದ್ದಕ್ಕೆಲ್ಲ ಇಲ್ಲಿ ಕಾರಣ ಕೊಡಬೇಕು. ದೀಪವನ್ನು ಅಲ್ಲೇ ಯಾಕಿಟ್ಟೆ ಎಂದು ಹದಿನೆಂಟರ ಹುಡುಗಿ ಕೇಳಿದರೆ ಉತ್ತರ ಹುಡುಕಲೇಬೇಕು.

ಇದೆಲ್ಲ ಬೆಂಗಳೂರಿಗಷ್ಟೇ ಮೀಸಲಾಗಬೇಕಿಲ್ಲ. ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯ ಪ್ರಾಧ್ಯಾಪಕ ಸತೀಶ್ ಬಹದ್ದೂರ್ ಆ ಹಳ್ಳಿಗೇ ಬಂದು ಸಿನಿಮಾ ರಸಗ್ರಹಣದ ಪಾಠ ಮಾಡಿದರು. ವೈದ್ಯಕೀಯ ಓದಿ ಪುಣೆಯಲ್ಲಿ ಸಿನಿಮಾ ಕಲಿತ ಚಿದಾನಂದ ನಾಯ್ಕ್ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದರು. ಅವರ ಚಿತ್ರದ್ದು ಕೋಳಿ ಕದ್ದ ಅಜ್ಜಿಯ ಜನಪದ ಕಥೆ, ಕನ್ನಡದ್ದು.

ಅಂಥ ಕಥೆಗಳಿಗೆ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿ ಬರವೇ? ನಾರದಮುನಿ ಜಾತ್ರೆಯಿದೆ, ದೊಡ್ಡಾಟದ ತಾಲೀಮಿದೆ, ಹುಡುಗರ ಕೈಯಲ್ಲಿ ಮೊಬೈಲ್ ಇದೆ. ಹೇಳಿಕೊಡುವವರು ಮಾತ್ರ ಮುನ್ನೂರು ಕಿಲೋಮೀಟರಿನಾಚೆ ಬೆಂಗಳೂರಿನಲ್ಲಿದ್ದಾರೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಕಲಿತವರಿಗೆ ಒಂದು ವರ್ಷದ ಬೋಧನಾ ಸಹಾಯಕ ಹುದ್ದೆ ಕೊಟ್ಟು, ಬದುಕಿಗೆ ಸಾಲುವಷ್ಟು ಸಂಬಳ ನಿಗದಿ ಮಾಡಿ, ಅದರಲ್ಲಿ ಮೂರು ತಿಂಗಳು ಹರಪನಹಳ್ಳಿ, ಕೂಡ್ಲಿಗಿಯಂಥ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳಲ್ಲಿ ಕಲಿಸುವಂತೆ ಮಾಡುವುದು ಸರ್ಕಾರಕ್ಕೆ ಭಾರವಾಗಲಾರದು. ಚಲನಚಿತ್ರ ಅಕಾಡೆಮಿ ಮತ್ತು ಉನ್ನತ ಶಿಕ್ಷಣ ಇಲಾಖೆ ಒಟ್ಟಿಗೆ ಕೂತು, ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲು ಹತ್ತು ಹುದ್ದೆಗಳನ್ನಾದರೂ ಮಂಜೂರು ಮಾಡಲಿ.