ಹಳೆಯ ವ್ಯವಸ್ಥೆಯನ್ನು ಬಿಡಬೇಕೆ?

ಮೈಸೂರಿನಲ್ಲಿ ಪುಸ್ತಕಗಳ ಅಕ್ಷರಜೋಡಣೆ ಮಾಡಿಕೊಡುವ ಮಿತ್ರರೊಬ್ಬರು 2025ರ ದೀಪಾವಳಿಯ ಸಮಯದಲ್ಲಿ ನಮ್ಮ ಮನೆಗೆ ಬಂದಿದ್ದರು. ಅವರ ಮುಖದಲ್ಲಿ ಹಬ್ಬದ ಸಂಭ್ರಮಕ್ಕಿಂತ ಚಿಂತೆಯೇ ಹೆಚ್ಚಾಗಿ ಕಾಣುತ್ತಿದ್ದಿತು. ಅವರ ಅಂಗಡಿಯ ಕಂಪ್ಯೂಟರು ಕೆಲವು ತಿಂಗಳುಗಳಿಂದ ಒಂದೇ ಎಚ್ಚರಿಕೆಯನ್ನು ಮತ್ತೆ ಮತ್ತೆ ತೋರಿಸುತ್ತಿದ್ದಿತಂತೆ. ಅದರಲ್ಲಿರುವ ವಿಂಡೋಸ್ 10ಕ್ಕೆ ಅಕ್ಟೋಬರ್ 14ರ ಅನಂತರ ರಕ್ಷಣೆಯ ಬೆಂಬಲವಿಲ್ಲ. ವಿಂಡೋಸ್ 11ಕ್ಕೆ ಹೋಗಬೇಕು. ಆದರೆ ಈ ಯಂತ್ರ ಅದಕ್ಕೆ ಅರ್ಹವಲ್ಲ! “ಯಂತ್ರ ಇಂದಿಗೂ ಕಲ್ಲುಗುಂಡಿನಂತಿದೆ. ಉಳುತ್ತಿರುವ ಎತ್ತನ್ನು ಮಾರಿ ಹೊಸದನ್ನು ತರಬೇಕೆ? ನೀವೇ ಹೇಳಿ” ಎಂದರು ಅವರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಶಾಲೆಯ ಗುಮಾಸ್ತರಿಗೂ ಔಷಧದ ಅಂಗಡಿಯವರಿಗೂ ಮನೆಯಲ್ಲಿ ಲೆಕ್ಕ ಬರೆದಿಡುವ ನಿವೃತ್ತರಿಗೂ ಇದು ಎದುರಾಗಿದೆ. ಹೊಸದರ ವ್ಯಾಮೋಹವುಳ್ಳವರು ಒಂದು ಉತ್ತರವನ್ನೂ ಹಳೆಯದರ ಅಭಿಮಾನಿಗಳು ಮತ್ತೊಂದನ್ನೂ ಹೇಳುತ್ತಾರೆ. ಇಬ್ಬರೂ ಪ್ರಶ್ನೆಯನ್ನೇ ತಪ್ಪಾಗಿ ಹಿಡಿದಿದ್ದಾರೆಂಬುದು ನನ್ನ ಅಭಿಪ್ರಾಯ. ಹೊಸ ವ್ಯವಸ್ಥೆ ಚೆನ್ನಾಗಿದೆಯೆ ಎಂಬುದು ರುಚಿಯ ಮಾತು. ಹಳೆಯದಕ್ಕೆ ಇನ್ನೂ ಕಾವಲಿದೆಯೆ ಎಂಬುದೇ ವಿಚಾರ ಮಾಡತಕ್ಕ ಸಂಗತಿ.

ಕಾರ್ಯಾಚರಣ ವ್ಯವಸ್ಥೆಯೆಂದರೆ ಛತ್ರದ ಪಾರುಪತ್ಯಗಾರನಿದ್ದಂತೆ. ಬಂದ ಅತಿಥಿಗಳು ತಾವಾಗಿಯೇ ಉಗ್ರಾಣಕ್ಕೆ ನುಗ್ಗುವುದಿಲ್ಲ. ಬೇಕಾದುದನ್ನು ಅವನನ್ನು ಕೇಳಿ ಪಡೆಯುತ್ತಾರೆ. ಹಾಗೆಯೇ ಪತ್ರ ಬರೆಯುವ, ಚಿತ್ರ ತೋರಿಸುವ, ಲೆಕ್ಕ ಹಾಕುವ ತಂತ್ರಾಂಶಗಳೆಲ್ಲ ಸ್ಮೃತಿ, ಡಿಸ್ಕು, ಮುದ್ರಕ, ಅಂತರ್ಜಾಲ ಇವುಗಳನ್ನು ಕಾರ್ಯಾಚರಣ ವ್ಯವಸ್ಥೆಯ ಮೂಲಕವೇ ಬಳಸಬೇಕು. ಆದುದರಿಂದ ಪಾರುಪತ್ಯಗಾರನನ್ನು ಮೋಸಗೊಳಿಸಿದವನಿಗೆ ಇಡೀ ಛತ್ರವೇ ವಶವಾಗುತ್ತದೆ. ಕೋಟ್ಯಂತರ ಸಾಲುಗಳಷ್ಟು ಉದ್ದವಾದ ಇಂಥ ಬರಹದಲ್ಲಿ ತಪ್ಪುಗಳು ಉಳಿಯುವುದು ಅನಿವಾರ್ಯ. ಅವು ಒಂದೊಂದಾಗಿ ಬೆಳಕಿಗೆ ಬಂದಂತೆ ತಯಾರಕರು ತೇಪೆ ಹಾಕುತ್ತ ಹೋಗುತ್ತಾರೆ. ಬೆಂಬಲ ನಿಂತಿತೆಂದರೆ ಈ ತೇಪೆ ಹಾಕುವ ಕೆಲಸ ನಿಂತಿತೆಂದೇ ಅರ್ಥ.

ಮಿತ್ರರ ಎತ್ತಿನ ಉಪಮೆ ಇಲ್ಲಿಯೇ ಸೋಲುತ್ತದೆ. ಎತ್ತಿಗೆ ವಯಸ್ಸಾಗುತ್ತದೆ, ಅದರ ನಡಿಗೆ ನಿಧಾನವಾಗುತ್ತದೆ, ನೋಡಿದವರಿಗೆ ಅದು ತಿಳಿಯುತ್ತದೆ. ತಂತ್ರಾಂಶಕ್ಕೆ ಸವೆತವೆಂಬುದಿಲ್ಲ. ಅಕ್ಟೋಬರ್ 13ರಂದು ಹೇಗಿತ್ತೋ 15ರಂದೂ ಅದು ಹಾಗೆಯೇ ಕೆಲಸ ಮಾಡಿತು. ಬದಲಾದುದು ಅದರ ಸುತ್ತಲಿನ ಜಗತ್ತು. ಇನ್ನೂ ಒಂದು ಸೂಕ್ಷ್ಮವಾದ ಅಂಶವುಂಟು. ಹೊಸ ವ್ಯವಸ್ಥೆಯನ್ನು ಹಳೆಯದರ ಅಡಿಪಾಯದ ಮೇಲೆಯೇ ಕಟ್ಟಿರುತ್ತಾರೆ. ಎರಡರಲ್ಲಿಯೂ ಸಮಾನವಾದ ಭಾಗಗಳು ಬಹಳ. ಹೊಸದಕ್ಕೆ ತೇಪೆ ಬಂದಾಗ, ತೇಪೆಯ ಹಿಂದಿನ ರೂಪವನ್ನೂ ಮುಂದಿನ ರೂಪವನ್ನೂ ಹೋಲಿಸಿ ನೋಡಿದರೆ ತೂತು ಎಲ್ಲಿತ್ತೆಂಬುದು ನಿಪುಣನಾದ ಕಳ್ಳನಿಗೆ ತಿಳಿದುಬಿಡುತ್ತದೆ. ಅದೇ ತೂತು ಹಳೆಯದರಲ್ಲಿಯೂ ಇದ್ದರೆ, ಅಲ್ಲಿ ಅದನ್ನು ಮುಚ್ಚುವವರಿಲ್ಲ. ಹೀಗೆ ಹೊಸ ಮನೆಗೆ ಹಾಕಿದ ಪ್ರತಿಯೊಂದು ಬೀಗವೂ ಹಳೆಯ ಮನೆಯ ಬಾಗಿಲನ್ನು ತೋರಿಸಿಕೊಡುತ್ತದೆ.

ಇದು ಬರಿಯ ಊಹೆಯಲ್ಲ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸಿನ ಒಂದು ದೋಷಕ್ಕೆ ತೇಪೆಯನ್ನು ಹೊರಡಿಸಿತು. ಎರಡು ತಿಂಗಳು ತುಂಬುವ ಮೊದಲೇ, ಮೇ 12ರಂದು, ಅದೇ ದೋಷವನ್ನು ಬಳಸಿಕೊಂಡು ‘ವಾನಾಕ್ರೈ’ ಎಂಬ ಪಿಡುಗು ಹಬ್ಬಿತು. ಅದು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗಾಗಿ ಹಣ ಕೇಳುತ್ತಿದ್ದಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದಕ್ಕೆ ತುತ್ತಾದುವು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳ 19,000ಕ್ಕೂ ಹೆಚ್ಚು ಭೇಟಿಗಳು ರದ್ದಾದುವೆಂದು ಅಲ್ಲಿನ ಲೆಕ್ಕಪರಿಶೋಧಕರು ಅಂದಾಜು ಮಾಡಿದರು. ಗಮನಿಸಬೇಕಾದ ಮಾತೆಂದರೆ, ಕೆಟ್ಟ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ನ್ನು ಬಳಸುತ್ತಿದ್ದುವು. ಅದಕ್ಕೆ ಆಗ ಬೆಂಬಲವಿದ್ದಿತು, ತೇಪೆಯೂ ದೊರೆಯುತ್ತಿದ್ದಿತು. ಹಾಕಿಕೊಳ್ಳದೆ ಬಿಟ್ಟವರು ಕಷ್ಟಕ್ಕೆ ಸಿಕ್ಕಿದರು. ತೇಪೆ ಇದ್ದೂ ಹಾಕಿಕೊಳ್ಳದವರ ಪಾಡು ಹೀಗಾದರೆ, ತೇಪೆಯೇ ಬಾರದ ವ್ಯವಸ್ಥೆಯನ್ನು ಅಂತರ್ಜಾಲಕ್ಕೆ ಒಡ್ಡಿದವರ ಪಾಡೇನು?

ಹಾಗೆಂದು ಹೊಸದು ಬಂದ ದಿನವೇ ಅದಕ್ಕೆ ಹಾರಬೇಕೆಂದು ನಾನು ಹೇಳುವುದಿಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ದೊಡ್ಡ ಪರಿಷ್ಕರಣ ಹೊರಬಿದ್ದಾಗ, ಅದನ್ನು ಹಾಕಿಕೊಂಡ ಕೆಲವರ ಕಡತಗಳೇ ಅಳಿಸಿಹೋದುವು. ಕೆಲವೇ ದಿನಗಳಲ್ಲಿ ಅದರ ವಿತರಣೆಯನ್ನು ನಿಲ್ಲಿಸಿ, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಕೊಡಬೇಕಾಯಿತು. ಚಿಕ್ಕ ತೇಪೆಗಳನ್ನು ಬೇಗ ಹಾಕಿಕೊಳ್ಳಬೇಕು. ದೊಡ್ಡ ಬದಲಾವಣೆಯನ್ನು ಕೆಲವು ತಿಂಗಳು ಕಾದು ಮಾಡಬೇಕು. ಎರಡಕ್ಕೂ ಮೊದಲು ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಬೇಕು. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಕಾಯಬೇಕಾದಷ್ಟು ಕಾಲ ಎಂದೋ ಕಳೆದಿದೆ.

ಆದರೆ ಯಂತ್ರವೇ ಅರ್ಹವಲ್ಲವೆಂದರೆ ಏನು ಮಾಡಬೇಕು? ವಿಂಡೋಸ್ 11 ಕೇಳುವ ಗುಣಗಳಲ್ಲಿ ಮುಖ್ಯವಾದುದು ಗೂಢಲಿಪಿಯ ಕೀಲಿಗಳನ್ನು ಕಾಪಾಡುವ ಟಿ.ಪಿ.ಎಂ. 2.0 ಎಂಬ ಭಾಗ. ಇದಲ್ಲದೆ ಸಂಸ್ಕಾರಕಗಳ ಒಂದು ಪಟ್ಟಿಯೂ ಉಂಟು. ಇಂಟೆಲ್ ಸಂಸ್ಥೆಯ ಎಂಟನೆಯ ತಲೆಮಾರಿಗಿಂತ, ಎಂದರೆ 2017ರ ಉತ್ತರಾರ್ಧಕ್ಕಿಂತ, ಹಿಂದಿನವು ಕೆಲವನ್ನು ಬಿಟ್ಟರೆ ಆ ಪಟ್ಟಿಯಲ್ಲಿಲ್ಲ. ಇಂಥ ಯಂತ್ರವುಳ್ಳವರಿಗೆ ಮೂರು ದಾರಿಗಳಿವೆ. 2026ರ ಅಕ್ಟೋಬರ್ 13ರ ವರೆಗೆ ತೇಪೆಗಳನ್ನು ಕೊಡುವ ಒಂದು ಏರ್ಪಾಟನ್ನು ಸಂಸ್ಥೆ ಮನೆಬಳಕೆಯವರಿಗೆಂದು ಘೋಷಿಸಿತು. ಇದು ಗಡುವಿನ ವಿಸ್ತರಣೆಯೇ ಹೊರತು ಪರಿಹಾರವಲ್ಲ. ಎರಡನೆಯದು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್. ಇದರ ಹಲವು ರೂಪಗಳು ಉಚಿತವಾಗಿ ದೊರೆಯುತ್ತವೆ, ಹಳೆಯ ಯಂತ್ರದಲ್ಲಿಯೂ ನಡೆಯುತ್ತವೆ, ಅವಕ್ಕೆ ತೇಪೆಗಳು ಬರುತ್ತಿರುತ್ತವೆ. ಪತ್ರ, ಲೆಕ್ಕ, ಅಂತರ್ಜಾಲ ಇಷ್ಟೇ ಸಾಕೆನ್ನುವವರು ಹೊಸ ಯಂತ್ರಕ್ಕೆ ಹಣ ಸುರಿಯುವ ಮೊದಲು ಇದನ್ನು ಪರೀಕ್ಷಿಸಿ ನೋಡಬೇಕು. ಮೂರನೆಯದು, ಹಳೆಯ ಯಂತ್ರವನ್ನು ಅಂತರ್ಜಾಲದಿಂದ ಪೂರ್ತಿಯಾಗಿ ಬಿಡಿಸಿ, ಅದರಿಂದಲೇ ಆಗಬೇಕಾದ ಕೆಲಸಕ್ಕೆ ಮಾತ್ರ ಬಳಸುವುದು.

ನನ್ನ ಮಿತ್ರರಿಗೆ ಈ ಮೂರನೆಯ ದಾರಿ ಅಗತ್ಯವಾಗಿದ್ದಿತು. ಹದಿನೆಂಟು ವರ್ಷಗಳ ಅವರ ಕೆಲಸವೆಲ್ಲ ಪೇಜ್‌ಮೇಕರಿನಲ್ಲಿದೆ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಕ್ಷರಗಳೂ ಹಳೆಯ ಬಗೆಯವು: ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪಗಳನ್ನು ತೊಡಿಸಿದಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅವರಲ್ಲಿರುವ ಕೆಲವು ಗ್ರಂಥಗಳ ಲೇಖಕರು ಇಂದು ಇಲ್ಲ, ಹಸ್ತಪ್ರತಿಗಳೂ ಉಳಿದಿಲ್ಲ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದ್ದರೂ ನಮ್ಮ ಮುದ್ರಣ ಪ್ರಪಂಚದ ಎಷ್ಟೋ ಬರಹ ಹೀಗೆ ಹಳೆಯ ಸಂಕೇತಗಳಲ್ಲಿಯೇ ಸೆರೆಯಾಗಿದೆ. ಬೆಂಬಲ ಮುಗಿದ ಯಂತ್ರ ಒಂದು ದಿನ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಆ ಪುಸ್ತಕಗಳನ್ನು ಎಲ್ಲಿ ಕೊಳ್ಳುವುದು?

ಆದಕಾರಣ ನಾನು ಅವರಿಗೆ ಹೇಳಿದ್ದು ಇಷ್ಟು: “ಮೊದಲು ಎಲ್ಲ ಕಡತಗಳ ಎರಡು ಪ್ರತಿಗಳನ್ನು ತೆಗೆಯಿರಿ. ಹಳೆಯ ಯಂತ್ರದ ಅಂತರ್ಜಾಲದ ತಂತಿಯನ್ನು ಕಿತ್ತುಹಾಕಿ. ಪತ್ರವ್ಯವಹಾರಕ್ಕೂ ಬ್ಯಾಂಕಿನ ಕೆಲಸಕ್ಕೂ ಬೆಂಬಲವಿರುವ ಬೇರೆ ಯಂತ್ರವಿರಲಿ. ವಾರಕ್ಕೊಂದು ಪುಸ್ತಕದಂತೆ ಯೂನಿಕೋಡಿಗೆ ಪರಿವರ್ತಿಸಿ, ತಿದ್ದಿ ಇಡಿ.” ಅವರು ಹಾಗೆಯೇ ಆರಂಭಿಸಿದ್ದಾರೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ತಪ್ಪಾಗುತ್ತವೆಂದೂ ಕಣ್ಣಿಟ್ಟು ತಿದ್ದಬೇಕಾಗುತ್ತದೆಂದೂ ಮೊನ್ನೆ ಹೇಳಿದರು.

ಕಡೆಯದಾಗಿ ತಯಾರಕರಿಗೂ ಒಂದು ಮಾತು ಸಲ್ಲಬೇಕು. ಯಾವ ಸಂಸ್ಥೆಯೂ ಹಳೆಯದಕ್ಕೆ ಎಂದೆಂದಿಗೂ ತೇಪೆ ಹಾಕುತ್ತಿರಲಾರದು; ಅದನ್ನು ಕೇಳುವುದು ನ್ಯಾಯವೂ ಅಲ್ಲ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಹತ್ತು ವರ್ಷಗಳ ಆರೈಕೆ ದೊರೆತಿದೆ. ಆದರೆ ವ್ಯವಸ್ಥೆಗೆ ಹತ್ತು ವರ್ಷವಾದರೂ, 2017ರಲ್ಲಿ ಯಂತ್ರವನ್ನು ಕೊಂಡವರಿಗೆ ದೊರೆತದ್ದು ಎಂಟೇ ವರ್ಷ. ಬೆಂಬಲ ಮುಗಿಯುವ ದಿನವನ್ನು ತಯಾರಕರು ಮೊದಲೇ ಪ್ರಕಟಿಸುವರೆಂಬುದು ನಿಜ. ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಅದು ಸಾಮಾನ್ಯವಾಗಿ ಬೀಳುವುದಿಲ್ಲ. ಔಷಧದ ಬಾಟಲಿಯ ಮೇಲೆ ಅವಧಿ ಮುಗಿಯುವ ದಿನವನ್ನು ಅಚ್ಚು ಹಾಕುವಂತೆ, ಕಂಪ್ಯೂಟರಿನ ಪೆಟ್ಟಿಗೆಯ ಮೇಲೂ ಅದರ ಕಾವಲು ಮುಗಿಯುವ ದಿನವನ್ನು ಅಚ್ಚು ಹಾಕತಕ್ಕದ್ದೆಂದು ಕಾನೂನು ವಿಧಿಸಬೇಕು. ಅಲ್ಲಿಯ ವರೆಗೆ ಓದುಗರು ತಾವೇ ಆ ದಿನವನ್ನು ವಿಚಾರಿಸಿ ತಿಳಿದು, ಯಂತ್ರದ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳುವುದು ಲೇಸು.