ಗಡಿಯಾಚೆಯ ಮಕ್ಕಳ ಜೀವನಾಂಶ ವಸೂಲಿ

ಮಗು ಒಂದು ದೇಶದಲ್ಲಿಯೂ ತಂದೆ ಅಥವಾ ತಾಯಿ ಮತ್ತೊಂದು ದೇಶದಲ್ಲಿಯೂ ವಾಸಿಸುತ್ತಿರುವಾಗ, ಮಗುವಿನ ಪಾಲನೆಗೆಂದು ನ್ಯಾಯಾಲಯವು ಗೊತ್ತುಪಡಿಸಿದ ಹಣವನ್ನು ಪಡೆಯುವ ಕ್ರಮವೇ ಗಡಿಯಾಚೆಯ ಜೀವನಾಂಶ ವಸೂಲಿ. ಹಣ ಕೊಡಬೇಕಾದವರು ಸ್ವಂತ ಉದ್ಯೋಗ ನಡೆಸುವವರಾದರೆ ಇದು ಇನ್ನಷ್ಟು ಕಠಿಣವಾಗುತ್ತದೆ. ತೊಡಕೆಲ್ಲ ಗಡಿಯಲ್ಲಿದೆಯೆಂದು ಮೇಲ್ನೋಟಕ್ಕೆ ಕಂಡರೂ, ಬಹುಮಟ್ಟಿಗೆ ಅದು ಆರಂಭವಾಗುವುದು ಆದಾಯವನ್ನು ನಿರ್ಧರಿಸುವ ಹಂತದಲ್ಲಿ.

ಆದಾಯದ ನಿರ್ಧಾರ

ಸಂಬಳದಾರರ ವಿಷಯದಲ್ಲಿ ಉದ್ಯೋಗದಾತರಿಗೆ ಆದೇಶ ತಲುಪಿದರೆ ಸಾಕು, ತಿಂಗಳು ತಿಂಗಳೂ ಸಂಬಳದಿಂದಲೇ ಹಣ ಕಡಿತವಾಗುತ್ತದೆ. ಅಮೆರಿಕದಲ್ಲಿ ವಸೂಲಾಗುವ ಮಕ್ಕಳ ಜೀವನಾಂಶದ ಬಹುಪಾಲು ಹೀಗೆಯೇ ಬರುತ್ತದೆ. ಅಂಗಡಿ, ಗುತ್ತಿಗೆ ಅಥವಾ ಸಲಹಾ ಸೇವೆ ನಡೆಸುವವರಿಗೆ ಉದ್ಯೋಗದಾತರೇ ಇಲ್ಲ. ಲೆಕ್ಕ ಬರೆಸುವವರೂ ಅವರೇ. ಕಾರು, ಪ್ರಯಾಣ, ಮನೆಯ ಬಾಡಿಗೆಯ ಒಂದಂಶ, ಎಲ್ಲವೂ ವ್ಯವಹಾರದ ಖರ್ಚಿನಲ್ಲಿ ಸೇರಿದರೆ ಕಾಗದದ ಮೇಲೆ ಉಳಿಯುವ ಆದಾಯ ಅತ್ಯಲ್ಪ. ತೆರಿಗೆಯ ಕಾನೂನು ಒಪ್ಪಿದ ಖರ್ಚನ್ನು ಜೀವನಾಂಶದ ಲೆಕ್ಕದಲ್ಲಿಯೂ ಒಪ್ಪಬೇಕೆಂದಿಲ್ಲ. ಆದ್ದರಿಂದ ಹಲವು ದೇಶಗಳ ನ್ಯಾಯಾಲಯಗಳು ವಿದ್ಯಾರ್ಹತೆ, ಅನುಭವ, ಜೀವನಮಟ್ಟಗಳನ್ನು ನೋಡಿ ಆದಾಯವನ್ನು ಅಂದಾಜು ಮಾಡುತ್ತವೆ. ಭಾರತದಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ (೨೦೨೦) ಸರ್ವೋಚ್ಚ ನ್ಯಾಯಾಲಯವು ಉಭಯ ಪಕ್ಷಗಳೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದೂ, ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ವಿಧಿಸಿತು.

ಹೇಗ್ ಒಡಂಬಡಿಕೆ

೨೦೦೭ರ ನವೆಂಬರ್ ೨೩ರ ಹೇಗ್ ಒಡಂಬಡಿಕೆ ೨೦೧೩ರ ಜನವರಿ ೧ರಂದು ಜಾರಿಗೆ ಬಂದಿತು. ಅಮೆರಿಕಕ್ಕೆ ಅನ್ವಯವಾದದ್ದು ೨೦೧೭ರ ಜನವರಿ ೧ರಿಂದ. ಸದಸ್ಯ ದೇಶಗಳಲ್ಲಿ ಕೇಂದ್ರೀಯ ಪ್ರಾಧಿಕಾರಗಳಿದ್ದು, ಅರ್ಜಿಗಳು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತವೆ. ಅದರ ಮುಖ್ಯ ಬಲವಿರುವುದು ಬೇರೊಂದು ನಿಯಮದಲ್ಲಿ: ಆದೇಶವನ್ನು ಜಾರಿಗೊಳಿಸುವ ದೇಶವು ಅದರ ಗುಣಾವಗುಣಗಳನ್ನು ಮರುವಿಚಾರಣೆ ಮಾಡುವಂತಿಲ್ಲ. ಮೊದಲ ನ್ಯಾಯಾಲಯ ಆದಾಯವನ್ನು ಜಾಗರೂಕತೆಯಿಂದ ನಿರ್ಧರಿಸಿದ್ದರೆ ಆ ಮೊತ್ತವೇ ಗಡಿ ದಾಟುತ್ತದೆ. ಅಲಕ್ಷ್ಯದಿಂದ ನಿರ್ಧರಿಸಿದ್ದರೆ ಆ ಅಲಕ್ಷ್ಯವೂ ದಾಟುತ್ತದೆ. ಬ್ಯಾಂಕ್ ಖಾತೆಯ ಜಪ್ತಿ, ಆಸ್ತಿಯ ಮಾರಾಟ, ತೆರಿಗೆ ಮರುಪಾವತಿಯ ತಡೆ, ಪರವಾನಗಿಯ ಅಮಾನತು ಮುಂತಾದ ಕ್ರಮಗಳನ್ನೂ ಒಡಂಬಡಿಕೆ ಹೆಸರಿಸುತ್ತದೆ. ಪರವಾನಗಿಯಿಲ್ಲದೆ ವೃತ್ತಿ ನಡೆಸಲಾಗದವರ ಮೇಲೆ ಕೊನೆಯದು ಪರಿಣಾಮಕಾರಿ. ಅಮೆರಿಕದಲ್ಲಿ ಬಾಕಿ ೨,೫೦೦ ಡಾಲರ್ ಮೀರಿದವರಿಗೆ ಪಾಸ್‌ಪೋರ್ಟ್ ನಿರಾಕರಿಸಲಾಗುತ್ತದೆ.

ಭಾರತದ ಸ್ಥಿತಿ

ಭಾರತವು ಈ ಒಡಂಬಡಿಕೆಗಾಗಲಿ ೧೯೫೬ರ ವಿಶ್ವಸಂಸ್ಥೆಯ ಜೀವನಾಂಶ ಒಡಂಬಡಿಕೆಗಾಗಲಿ ಸೇರಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ೪೪ಎ ಕಲಮಿನಂತೆ ಬ್ರಿಟನ್, ಸಿಂಗಪುರ ಮತ್ತು ೨೦೨೦ರಿಂದ ಸಂಯುಕ್ತ ಅರಬ್ ಎಮಿರೇಟ್ಸ್ ಮುಂತಾದ ಅಧಿಸೂಚಿತ ದೇಶಗಳ ನಿಗದಿತ ನ್ಯಾಯಾಲಯಗಳ ಹಣದ ಡಿಕ್ರಿಗಳನ್ನು ಇಲ್ಲಿ ಜಾರಿಗೊಳಿಸಬಹುದು. ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿಯ ಆದೇಶದ ಆಧಾರದ ಮೇಲೆ ಇಲ್ಲಿ ಹೊಸ ದಾವೆಯನ್ನೇ ಹೂಡಬೇಕು.

ವಿರುದ್ಧ ದಿಕ್ಕಿನಲ್ಲಿ ಕಷ್ಟ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಮಗುವನ್ನು ಸಾಕುತ್ತಿರುವ ತಾಯಿಯೊಬ್ಬಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಿನಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ೧೨೫) ಆದೇಶ ಪಡೆದಳೆನ್ನೋಣ. ತಂದೆ ಅಮೆರಿಕದಲ್ಲಿ ಸ್ವಂತ ವ್ಯವಹಾರ ನಡೆಸುತ್ತಿದ್ದರೆ ಆ ಆದೇಶವನ್ನು ಕಳುಹಿಸಲು ಭಾರತದಲ್ಲಿ ಕೇಂದ್ರೀಯ ಪ್ರಾಧಿಕಾರವೇ ಇಲ್ಲ. ಶಾಲಾ ಶುಲ್ಕ ಮಾತ್ರ ಪ್ರತಿ ಜೂನ್‌ನಲ್ಲಿಯೂ ತಪ್ಪದೆ ಬರುತ್ತದೆ. ತಂದೆಗೆ ಭಾರತದಲ್ಲಿ ನಿವೇಶನವೋ ಬ್ಯಾಂಕ್ ಠೇವಣಿಯೋ ಇದ್ದರೆ, ಬಾಕಿಯನ್ನು ದಂಡದ ಹಣದಂತೆ ವಸೂಲು ಮಾಡಲು ವಾರಂಟ್ ಕೋರಬಹುದು. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಹಲವರು ಎಡವುವುದು ಇಲ್ಲಿಯೇ. ನ್ಯಾಯಾಲಯದ ಸಮನ್ಸ್ ಅಥವಾ ವಾರಂಟ್ ಹೊರಟಿದ್ದರೆ ಪಾಸ್‌ಪೋರ್ಟ್ ಕಾಯಿದೆಯ ೧೦ನೆಯ ಕಲಮಿನಂತೆ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ವಿದೇಶಿ ಪೌರತ್ವ ಪಡೆದವರ ಬಳಿ ಭಾರತದ ಪಾಸ್‌ಪೋರ್ಟೇ ಇರದ ಕಾರಣ ಈ ದಾರಿ ಅವರ ವಿಷಯದಲ್ಲಿ ಮುಚ್ಚಿದಂತೆ.

ಇನ್ನೊಂದು ಮಾರ್ಗವೆಂದರೆ ತಂದೆ ವಾಸಿಸುವ ಅಮೆರಿಕದ ರಾಜ್ಯದ ನ್ಯಾಯಾಲಯಕ್ಕೆ ನೇರವಾಗಿ ಅರ್ಜಿ ಸಲ್ಲಿಸುವುದು. ಒಪ್ಪಂದವಿಲ್ಲದಿದ್ದರೂ ಪರಸ್ಪರ ಸೌಜನ್ಯದ ತತ್ತ್ವದಂತೆ ಅಲ್ಲಿಯ ನ್ಯಾಯಾಲಯ ವಿದೇಶಿ ಆದೇಶವನ್ನು ಮನ್ನಿಸಬಹುದು. ಆಗ ಮೊದಲಿಗೆ ಪರಿಶೀಲನೆಗೆ ಬರುವುದು ತಂದೆಗೆ ನೋಟಿಸ್ ತಲುಪಿತ್ತೇ, ಅವನ ಅಹವಾಲು ಹೇಳಿಕೊಳ್ಳಲು ಅವಕಾಶವಿತ್ತೇ ಎಂಬುದು. ಆದಕಾರಣ ನೋಟಿಸ್ ಜಾರಿಯಾದುದರ ದಾಖಲೆಯನ್ನು ಮೂಲ ಆದೇಶದ ದೃಢೀಕೃತ ಪ್ರತಿಯೊಂದಿಗೆ ಕಾಪಾಡಿಕೊಳ್ಳಬೇಕಾಗುತ್ತದೆ.