ಕೋಡ್‌ನ ಪ್ರತಿ ಎಲ್ಲರ ಬಳಿ, ಬೀಗದ ಕೈ ಮಾತ್ರ ಒಬ್ಬರ ಬಳಿ

2019ರ ಜುಲೈನಲ್ಲಿ ಇರಾನ್, ಸಿರಿಯಾ, ಕ್ರಿಮಿಯಾದ ಹಲವು ಪ್ರೋಗ್ರಾಮರ್‌ಗಳು ಗಿಟ್‌ಹಬ್ ತೆರೆದರೆ ತಮ್ಮದೇ ಖಾಸಗಿ ಪ್ರಾಜೆಕ್ಟುಗಳಿಗೆ ಬೀಗ ಬಿದ್ದಿತ್ತು. ಅವರೇನೂ ತಪ್ಪು ಮಾಡಿರಲಿಲ್ಲ. ಅಮೆರಿಕದ ವ್ಯಾಪಾರ ನಿರ್ಬಂಧಗಳನ್ನು ಕಂಪನಿ ಪಾಲಿಸಿತ್ತು, ಅಷ್ಟೇ.

ವ್ಯಂಗ್ಯ ಏನು ಗೊತ್ತಾ? ಗಿಟ್ ಹುಟ್ಟಿದ್ದೇ ಇಂಥದ್ದೊಂದು ಪೆಟ್ಟು ತಿಂದ ಮೇಲೆ. ಲಿನಕ್ಸ್ ಕರ್ನಲ್ ತಂಡ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಒಡೆತನದ ತಂತ್ರಾಂಶ ಬಳಸುತ್ತಿತ್ತು. 2005ರಲ್ಲಿ ಕಂಪನಿ ಅದರ ಉಚಿತ ಬಳಕೆಯನ್ನು ನಿಲ್ಲಿಸಿತು. ಆ ಏಪ್ರಿಲ್‌ನಲ್ಲೇ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯೋಕೆ ಕೂತರು. ಜೂನ್‌ನಲ್ಲಿ ಬಂದ ಕರ್ನಲ್‌ನ 2.6.12 ಆವೃತ್ತಿಯನ್ನು ನಿರ್ವಹಿಸಿದ್ದು ಗಿಟ್.

ಹಳೆಯ ಪದ್ಧತಿಯಲ್ಲಿ ಇತಿಹಾಸವೆಲ್ಲ ಒಂದೇ ಸರ್ವರ್‌ನಲ್ಲಿ ಇರುತ್ತಿತ್ತು. ಗಿಟ್‌ನಲ್ಲಿ ಪ್ರಾಜೆಕ್ಟನ್ನು ಕ್ಲೋನ್ ಮಾಡಿದರೆ ಮೊದಲ ದಿನದಿಂದ ಆದ ಬದಲಾವಣೆಗಳೆಲ್ಲ ನಿಮ್ಮ ಲ್ಯಾಪ್‌ಟಾಪಿಗೇ ಬರುತ್ತವೆ. ಇಂಟರ್ನೆಟ್ ಇಲ್ಲದೆಯೂ ಕಮಿಟ್ ಮಾಡಬಹುದು, ಬ್ರಾಂಚ್ ತೆಗೆಯಬಹುದು, ಆಮೇಲೆ ಇನ್ನೊಬ್ಬರ ಕೆಲಸದ ಜೊತೆ ಮರ್ಜ್ ಮಾಡಬಹುದು. ಪ್ರತಿ ಕಮಿಟ್ ತನ್ನ ಹಿಂದಿನ ಕಮಿಟ್‌ನ ಹ್ಯಾಶ್ ಹೊತ್ತಿರುತ್ತದೆ. ಹಾಗಾಗಿ ಹಳೆಯದನ್ನು ಯಾರಾದರೂ ಕದ್ದು ತಿದ್ದಿದರೆ ಮುಂದಿನ ಹ್ಯಾಶ್‌ಗಳೆಲ್ಲ ಬದಲಾಗಿ ಸಿಕ್ಕಿಬೀಳುತ್ತಾರೆ.

ಇಷ್ಟು ಸ್ವಾತಂತ್ರ್ಯ ಕೊಡೋ ಸಾಧನ ಕೈಲಿಟ್ಟುಕೊಂಡು ನಾವು ಮಾಡಿದ್ದೇನು? ಬಹುತೇಕರು ಒಂದೇ ಜಾಲತಾಣಕ್ಕೆ ಹೋಗಿ ಕೂತೆವು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಕೋಡ್ ನಮ್ಮಲ್ಲೂ ಇರುತ್ತೆ ನಿಜ. ಆದರೆ ಬಗ್ ದೂರುಗಳು, ಪುಲ್ ರಿಕ್ವೆಸ್ಟ್‌ಗಳ ಮೇಲಿನ ಚರ್ಚೆ, ಯಾರಿಗೆ ಯಾವ ಅನುಮತಿ ಎಂಬ ಪಟ್ಟಿ? ಅವು ಕ್ಲೋನ್‌ನಲ್ಲಿ ಬರೋದಿಲ್ಲ, ಕಂಪನಿಯಲ್ಲೇ ಉಳಿಯುತ್ತವೆ.

ಇದು ಇರಾನಿನವರ ತಲೆನೋವು ಅಂದುಕೊಳ್ಳಬೇಡಿ. 2014ರ ಡಿಸೆಂಬರ್‌ನಲ್ಲಿ ನಮ್ಮದೇ ಸರ್ಕಾರ ನಿರ್ಬಂಧಿಸಿದ 32 ತಾಣಗಳ ಪಟ್ಟಿಯಲ್ಲಿ ಗಿಟ್‌ಹಬ್ ಕೂಡ ಇತ್ತು. ಬೀಗ ಹಾಕೋದು ವಾಷಿಂಗ್ಟನ್ ಆಗಬಹುದು, ದೆಹಲಿಯೂ ಆಗಬಹುದು.

ಹಾಗಂತ ಗಿಟ್‌ಹಬ್ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ನಾನೂ ಬಳಸ್ತೀನಿ. ಆದರೆ ದಾರಿಗಳಿವೆ. ಲಿನಕ್ಸ್ ಕರ್ನಲ್‌ನ ಮುಖ್ಯ ಭಂಡಾರ ಇವತ್ತಿಗೂ ಕರ್ನಲ್ ಡಾಟ್ ಆರ್ಗ್‌ನಲ್ಲಿದೆ, ಪ್ಯಾಚ್‌ಗಳು ಇಮೇಲ್‌ನಲ್ಲಿ ಓಡಾಡುತ್ತವೆ. ಗ್ನೋಮ್ ತಂಡ 2018ರಲ್ಲಿ ತನ್ನದೇ ಗಿಟ್‌ಲ್ಯಾಬ್ ಸರ್ವರ್‌ಗೆ ಹೋಯಿತು. ನೀವು ಕನಿಷ್ಠ ಎರಡನೇ ರಿಮೋಟ್ ಒಂದನ್ನಾದರೂ ಸೇರಿಸಿ, ಚರ್ಚೆಗಳನ್ನೂ ಆಗಾಗ ಇಳಿಸಿಕೊಳ್ಳಿ. ಬೀಗ ಬಿದ್ದ ಮೇಲೆ ಆ ಅವಕಾಶ ಸಿಗದೇ ಹೋಗಬಹುದು.